ಶಮಶೇರಸಾಬರ ಫಿಯೆಟ್

ಇದು ನಡೆದದ್ದು ೨೦೦೬ರ ಬೇಸಿಗೆಯಲ್ಲಿ, ರಾಣೆಬೆನ್ನೂರಿನ ನಮ್ಮದೇ ಗ್ಯಾರೇಜಿನಲ್ಲಿ. ನಮ್ಮ ತಂದೆ ಶಮಶೇರಸಾಬರು ರ‍್ಯಾಲಿಗಳಲ್ಲಿ ಓಡಿಸುತ್ತಿದ್ದ ಹಳೆಯ ಫಿಯೆಟ್ ಕಾರನ್ನು ನಾನು ಹೊಸ ಸೀಸನ್ನಿಗೆ ಸಜ್ಜು ಮಾಡುತ್ತಿದ್ದೆ. ಅವರು ಸತ್ತದ್ದೂ ಅದೇ ಕಾರಿನಲ್ಲಿ. ಅದನ್ನು ಗುಜರಿಗೆ ಹಾಕೆಂದು ಅಮ್ಮಿ ದಿನಾ ಹೇಳುತ್ತಿದ್ದಳು.

ಎಂಜಿನ್ ಬಿಚ್ಚಿ ನೆಲದ ಮೇಲಿಟ್ಟಿದ್ದಾಗಲೂ ಬಾನೆಟ್ ಮುಟ್ಟಿದರೆ ಕೈ ಸುಡುತ್ತಿತ್ತು. ಕಾರು ಇದ್ದದ್ದು ನೆರಳಿನಲ್ಲಿ. ಚಕ್ರಗಳೇ ಇಲ್ಲದ ಅದರಿಂದ ಬ್ರೇಕ್ ಸುಟ್ಟ ವಾಸನೆ ಬರುತ್ತಿತ್ತು. ಒಂದು ಮಧ್ಯಾಹ್ನ ನಾನು ಅದರಡಿ ಮಲಗಿ ಕೆಲಸ ಮಾಡುತ್ತಿದ್ದಾಗ, ಮೇಲೆ ಯಾರೋ ಕುಳಿತು ಪೆಡಲ್ ಒತ್ತಿದ ಹಾಗೆ ಬ್ರೇಕಿನ ಸರಳು ಮೆಲ್ಲಗೆ ಮುಂದೆ ಸರಿಯಿತು. ಎದ್ದು ನೋಡಿದೆ. ಒಳಗೆ ಯಾರೂ ಇರಲಿಲ್ಲ.

ಅಮ್ಮಿಗೆ ಹೇಳಿದೆ. "ನೀ ಓಡಿಸೋದು ನಿಮ್ಮ ಅಬ್ಬಾಗ ಬ್ಯಾಡಾಗೈತಿ, ಬೇನಜೀರ. ಬಿಟ್ಟಬಿಡು" ಎಂದಳು.

"ಬಿಡಂಗಿಲ್ಲ ಅಮ್ಮಿ. ಅವರು ಬ್ರೇಕ್ ಒತ್ತಲಿ, ನಾ ಆಕ್ಸಿಲರೇಟರ್ ಒತ್ತತೇನಿ."

ಎಂಜಿನ್, ಚಕ್ರ ಕೂರಿಸಿದ ಮೇಲೆ, ಹೆಡ್‌ಲೈಟ್ ಹತ್ತುತ್ತದೆಯೇ ನೋಡೋಣವೆಂದು ಕೀಲಿ ತಿರುಗಿಸಿದೆ. ಎಂಜಿನ್ ಗುಡುಗುತ್ತ ಶುರುವಾಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮಿ, "ಬಂದ್ ಮಾಡು, ಲಗೂ ಬಂದ್ ಮಾಡು" ಎಂದಳು. ಆದರೂ ಗೇರ್ ಹಾಕಿದೆ. ಮೇಡ್ಲೇರಿ ರಸ್ತೆಯಲ್ಲಿ ಕಾಲುವೆಯವರೆಗೆ ಜೋರಾಗಿ ಓಡಿಸಿಕೊಂಡು ಹೋಗಿ ತಿರುಗಿ ಬಂದೆ.

ಆ ವರ್ಷದ ಎಲ್ಲ ರ‍್ಯಾಲಿಗಳಲ್ಲೂ ನಾನು ಅದೇ ಕಾರನ್ನು ಓಡಿಸಿದೆ. ಆದರೆ ಆ ದಿನ ಕಾಲುವೆಯಿಂದ ಗ್ಯಾರೇಜಿಗೆ ಮರಳಿದಾಗ, ತೊಳೆದು ಒಣಗಲಿಟ್ಟಿದ್ದ ಅದರ ಪೆಟ್ರೋಲ್ ಟ್ಯಾಂಕ್ ಇನ್ನೂ ಅಂಗಳದ ಬಿಸಿಲಲ್ಲಿ ಬೋರಲಾಗಿಯೇ ಇತ್ತು.