ಹಲ್ಲು ಬಂದ ಹುಲಿ

“ಎಲೈ ದುಷ್ಟ ಬೇಟೆಗಾರನೇ, ನಿಲ್ಲು. ಎನ್ನ ಉಕ್ಕಿನ ಹಲ್ಲುಗಳ ಪರಾಕ್ರಮವನ್ನು ನೋಡು,” ಎಂದು ಗುರುಸಿದ್ದ ಕಾಗದ ನೋಡಿಕೊಂಡು ಓದಿದ.

ಕಟ್ಟೆಯ ಮುಂದೆ ಕೂತಿದ್ದ ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಹೆದರಲೂ ಇಲ್ಲ. ಮುಂದಿನ ಸಾಲಿನ ಹುಡುಗನೊಬ್ಬ ತನ್ನ ಮೊಣಕಾಲಿನ ಒಣಗಿದ ಗಾಯವನ್ನು ಕೆರೆಯುತ್ತ ಕೂತಿದ್ದ. ಅವನಿಗೆ ಹುಲಿಗಿಂತ ಅದೇ ಮಜವಾಗಿತ್ತು.

“ಈ ಹುಲಿ ಯಾಕ ಹಿಂಗ ಮಾತಾಡಾಕತ್ತೈತಿ?” ಎಂದು ಯಾರೋ ಕೇಳಿದರು. “ಜ್ವರ ಬಂದಾವೇನು?”

“ಸುಮ್ನ ಕುಂದರ್ರಿ,” ಎಂದು ಗುರುಸಿದ್ದ ಗದರಿದ. “ನಡುವ ಬಾಯಿ ಹಾಕಬ್ಯಾಡ್ರಿ. ಇದು ಸೆಕೆಂಡ್ ಪಾರ್ಟ್.”

ಹೌದಪ್ಪ, ಸೆಕೆಂಡ್ ಪಾರ್ಟ್. ಅದನ್ನು ಅವನು ಹೇಳುವ ಗತ್ತು ನೋಡಬೇಕಿತ್ತು. ಖಾನಾಪುರದ ಆ ಗಲ್ಲಿಯಲ್ಲಿ ಆಗಿನ್ನೂ ಒಂದು ಮನೆಯಲ್ಲೂ ಟೀವಿ ಇರಲಿಲ್ಲ. ಇದ್ದದ್ದು ಐದನೇ ಇಯತ್ತೆ ಓದುತ್ತಿದ್ದ ಗುರುಸಿದ್ದನ ಡಬ್ಬಿ ಸಿನಿಮಾ ಒಂದೇ. ಸಾಬೂನು ತುಂಬಿ ಬರುವ ದೊಡ್ಡ ರಟ್ಟಿನ ಡಬ್ಬಿ, ಅದರ ಮುಖಕ್ಕೆ ಕೊರೆದ ಕಿಟಕಿ. ಒಳಗೆ ಎರಡು ಕೋಲು, ಕೋಲಿಗೆ ಸುತ್ತಿದ ಉದ್ದನೆಯ ಕಾಗದ. ಅಪ್ಪನ ಅರಿವೆ ಅಂಗಡಿಯ ಖಾಕಿ ಕಾಗದವನ್ನು ಅಂಟಿಸಿ ಅಂಟಿಸಿ ಮಾಡಿದ್ದು. ಕೋಲು ತಿರುಗಿಸಿದರೆ ಕಿಟಕಿಯಲ್ಲಿ ಚಿತ್ರಗಳು ಒಂದಾದ ಮೇಲೊಂದು ಬರುತ್ತಿದ್ದವು.

ಮೊದಲು ಎದ್ದದ್ದು ಅವನ ಅಜ್ಜಿ ಬಸವಣ್ಣೆವ್ವ.

“ಚಾ ಕಾಸೂ ಹೊತ್ತಾತು,” ಎಂದು ಸೀರೆ ಕೊಡವಿಕೊಂಡಳು. “ನಿನ್ನ ಹುಲಿ ಸರಕಾರಿ ನೌಕರಿ ಸೇರೇತಿ ಬಿಡೋ ತಮ್ಮಾ. ಇನ್ನ ನಮ್ಮಂಥಾವ್ರನ್ನ ಮಾತಾಡ್ಸೂದಿಲ್ಲ.”

“ಆಯಿ, ಇನ್ನೂ ಫೈಟಿಂಗ್ ಐತಿ.”

“ಇರ್ಲಿ. ಅದನ್ನ ನೀನಽ ನೋಡ್ಕೋ.”

ಅಜ್ಜಿಯ ಹಿಂದೆ ಇಬ್ಬರು, ಅವರ ಹಿಂದೆ ನಾಲ್ವರು ಎದ್ದರು. ಮೊಣಕಾಲಿನ ಹುಡುಗನೂ ತನ್ನ ಗಾಯ ತೆಗೆದುಕೊಂಡು ಹೋದ. ಹುಲಿ ಕೊನೆಯ ಬೇಟೆಗಾರನನ್ನು ಹರಿದು ಹಾಕುವ ಹೊತ್ತಿಗೆ ಕಟ್ಟೆಯ ಮುಂದೆ ಉಳಿದವಳು ಬಾಜೂ ಮನೆಯ ಮಾಯವ್ವ ಒಬ್ಬಳೇ. ಅವಳೂ ಸಿನಿಮಾ ನೋಡಲು ಉಳಿದಿರಲಿಲ್ಲ. ಎರಡು ಮಾತು ಅಂದು ಹೋಗೋಣ ಎಂದು ಉಳಿದಿದ್ದಳು.

ಗುರುಸಿದ್ದ ಬೆರಳು ಮಡಚಿ ದಿನ ಎಣಿಸಿದ. ಇನ್ನು ಐದೇ ದಿನಕ್ಕೆ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ.

ಫಸ್ಟ್ ಪಾರ್ಟ್ ಹೀಗಿರಲಿಲ್ಲ. ಅದರಲ್ಲಿ ಹುಲಿಗೆ ಹಲ್ಲೇ ಇರಲಿಲ್ಲ. ಕಾಡಿನಿಂದ ಬಂದ ಮುದಿ ಹುಲಿ, ಹಲ್ಲು ಹುಡುಕಿಕೊಂಡು ಖಾನಾಪುರದ ಸಂತೆಗೆ ಬರುತ್ತದೆ. ಕುಂಬಾರನೊಬ್ಬ ಇಲ್ಲಿಯ ಕೆಂಪು ಮಣ್ಣಿನಲ್ಲಿ ಅದಕ್ಕೊಂದು ಸೆಟ್ ಹಲ್ಲು ಮಾಡಿಕೊಡುತ್ತಾನೆ. ಹುಲಿಗೆ ತಡೆಯಲಾಗುವುದಿಲ್ಲ. ಬೆಂಕಿಯಲ್ಲಿ ಸುಡುವ ಮೊದಲೇ ಹಸಿ ಹಲ್ಲು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಬಿಸಿ ಚಾ ಕುಡಿಯುತ್ತದೆ. ಬಾಯಿ ತುಂಬ ರಾಡಿ.

ಇಷ್ಟೇ ಕತೆ. ಚಿತ್ರ ಬರೆದದ್ದು ಇದ್ದಿಲಿನಲ್ಲಿ. ಹುಲಿ ಒಮ್ಮೆ ನಾಯಿಯಂತೆ, ಒಮ್ಮೆ ಎಮ್ಮೆಯಂತೆ ಕಾಣುತ್ತಿತ್ತು. ಮೇಲಾಗಿ ಕಾಗದ ನಡುನಡುವೆ ಸಿಕ್ಕಿಬೀಳುತ್ತಿತ್ತು. ಕೋಲು ತಿರುಗಿಸುತ್ತಿದ್ದವಳು ಮಾಯವ್ವ.

ಹುಲಿ ಕುಂಬಾರನ ಮುಂದೆ ಬಾಯಿ ತೆರೆದು ನಿಂತಾಗ ಕಾಗದ ನಿಂತಿತೋ, ಮಕ್ಕಳು ಸುಮ್ಮನಿರುತ್ತಿರಲಿಲ್ಲ. ಒಬ್ಬ ಹುಲಿಯಾಗಿ, ತುಟಿ ಒಳಗೆ ಮಡಚಿಕೊಂಡು, “ದಾತ ಕಿತೀಲಾ?” ಎಂದು ಮರಾಠಿಯಲ್ಲಿ ಹಲ್ಲಿನ ದರ ಕೇಳುತ್ತಿದ್ದ. ಇನ್ನೊಬ್ಬಳು ಕುಂಬಾರನಾಗಿ, “ನಿನಗಾತು ಅಂತ ಕಡಿಮಿ ಹೇಳ್ತೀನಿ” ಅನ್ನುತ್ತಿದ್ದಳು. ಮತ್ತೊಬ್ಬ, “ಹುಲಿ ಐತಿ ಅಂತ ಜಾಸ್ತಿ ಹೇಳಬ್ಯಾಡಪಾ” ಎಂದು ನಡುವೆ ಬರುತ್ತಿದ್ದ. ಖಾನಾಪುರದ ಸಂತೆ ನಡೆಯುವುದೇ ಹಾಗೆ, ಒಂದು ಮಾತು ಕನ್ನಡ, ಒಂದು ಮಾತು ಮರಾಠಿ. ನಿನ್ನೆಯ ಆಟದ ಮಾತು ಇವತ್ತಿನ ಆಟದಲ್ಲಿ ಇರುತ್ತಿರಲಿಲ್ಲ. ನೋಡಿದವರೇ ಮತ್ತೆ ಮತ್ತೆ ಬಂದು ಕೂರುತ್ತಿದ್ದರು.

ಶಾಲೆಯ ಸಂಗವ್ವ ಅಕ್ಕೋರು ಒಂದು ದಿನ ಅದನ್ನು ನೋಡಿ ಕಣ್ಣೊರೆಸಿಕೊಂಡು ನಕ್ಕರು. “ಗುರುಸಿದ್ದ, ಇದರ ಮುಂದಿಂದು ಮಾಡು. ಗ್ಯಾದರಿಂಗಿಗೆ ಇಡೂಣು,” ಎಂದರು.

ಗುರುಸಿದ್ದನಿಗೆ ಗ್ಯಾದರಿಂಗ್ ಎಂದರೆ ಅಲ್ಲಿಯವರೆಗೆ ಬೆಂಚು ಹೊರುವ ಹಬ್ಬ. ಅವನಿಗೆ ಕುಣಿಯಲು ಬರದು, ಓಡಲು ಬರದು. ಗಣಿತದ ವಿಷಯ ಎತ್ತದಿರುವುದೇ ಒಳ್ಳೆಯದು. ಅವನ ಹೆಸರನ್ನು ಯಾರೂ ಎಂದೂ ಮೈಕಿನಲ್ಲಿ ಕರೆದಿರಲಿಲ್ಲ. ಈ ಸಲ ಕರೆಯುತ್ತಾರೆ. ಅವ್ವ ಶಿವಬಸವ್ವ ಆಗಲೇ ಬೀಗರಿಗೆಲ್ಲ ಹೇಳಿಬಿಟ್ಟಿದ್ದಳು.

ಅಷ್ಟರಲ್ಲಿ ದೀಪಾವಳಿ ರಜೆ ಬಂತು. ಗುರುಸಿದ್ದ ಬೆಳಗಾವಿಯ ಮಹಾಂತೇಶ ನಗರದ ಮಾಮಾನ ಮನೆಗೆ ಹೋದ. ಅಲ್ಲಿ ಮಾಮಾನ ಮಗ ಬಾಳಾಸಾಹೇಬ ಇದ್ದ. ಎಂಟನೇ ಇಯತ್ತೆ, ಇಂಗ್ಲಿಷ್ ಮೀಡಿಯಂ. ಟಾಕೀಸಿನಲ್ಲಿ ದೊಡ್ಡ ಸಿನಿಮಾಕ್ಕೆ ಮೊದಲು ಒಮ್ಮೊಮ್ಮೆ ಕಾರ್ಟೂನ್ ತೋರಿಸುತ್ತಿದ್ದರಲ್ಲ, ಅದನ್ನು ಎರಡೋ ಮೂರೋ ಸಲ ನೋಡಿ ಆ ವಿದ್ಯೆಯಲ್ಲಿ ಪಂಡಿತನಾಗಿದ್ದ.

“ಹೀರೋಗ ಹಲ್ಲಽ ಇಲ್ಲಂದ್ರ ಹೆಂಗೋ?” ಎಂದು ಬಾಳಾಸಾಹೇಬ ಮೂಗು ಮುರಿದ. “ಹಳ್ಳಿ ಮಂದಿ ನಗ್ತಾರ, ಅಷ್ಟಽ. ನಮ್ಮ ಬೆಳಗಾವಿ ಫೌಂಡ್ರಿಯೊಳಗ ಉಕ್ಕಿನ ಹಲ್ಲು ಮಾಡಿಸಿದ ಅಂತ ಬರಿ. ಫೈಟಿಂಗ್ ಹಾಕು.”

“ಹಾಕೂಣು ಬಾಳಣ್ಣ.”

“ಮತ್ತ ಮಂದಿ ನಡುವ ಬಾಯಿ ಹಾಕಬಾರದು. ಡೈಲಾಗ್ ಬರಕೊಂಡು ಓದಬೇಕು, ಬುಕ್ಕಿನ ಭಾಷೆಯೊಳಗ. ಮತ್ತ ಅದು ಸಿಗಬೀಳ್ತೈತಿ ಅಂದೆಲ್ಲ, ಅದು ಭಾಳ ಚೀಪ್ ಕಾಣ್ತೈತಿ. ಹ್ಯಾಂಡಲ್ ಕೂಡಸ್ತೀನಿ ತಡಿ.”

ಗುರುಸಿದ್ದ ಹನ್ನೆರಡು ಬಣ್ಣದ ಸ್ಕೆಚ್ ಪೆನ್ನು, ತಂತಿಯ ಹ್ಯಾಂಡಲ್ಲು ಮತ್ತು ಬಾಳಾಸಾಹೇಬನ ಮುರಿದ ಮೂಗು, ಇಷ್ಟನ್ನೂ ಬಸ್ಸಿನಲ್ಲಿ ಹಾಕಿಕೊಂಡು ಖಾನಾಪುರಕ್ಕೆ ಬಂದ. ಬಂದವನೇ ಮಾಯವ್ವನಿಗೆ, “ಇನ್ನ ನೀ ತಿರಗಸೂದು ಬ್ಯಾಡ. ನಿನ್ನ ಕೈಯಾಗ ಬರೇ ಸಿಗಬೀಳ್ತೈತಿ,” ಎಂದ.

ಅದಕ್ಕೇ ಮಾಯವ್ವ ಈಗ ಕಾದು ಕೂತಿದ್ದಳು.

“ಮುಗೀತೇನು ನಿನ್ನ ಹುಲಿ ಪುರಾಣ?” ಎಂದಳು.

“ನಿಮಗ ಏನ್ ತಿಳೀತೈತಿ?” ಗುರುಸಿದ್ದ ಡಬ್ಬಿಯ ಕಿಟಕಿಗೆ ಬೆರಳು ಮಾಡಿದ. “ಬಣ್ಣ ನೋಡು ಹೆಂಗ ಅದಾವು. ಒಮ್ಮ್ಯಾದ್ರೂ ಸಿಗಬಿತ್ತೇನು? ಬೆಳಗಾವ್ಯಾಗ ತೋರ್ಸಿದ್ರ ಎಲ್ಲಾರೂ ಚಪ್ಪಾಳಿ ಹೊಡೀತಿದ್ರು.”

“ಹಂಗಾರ ಡಬ್ಬಿ ಹೊತಗೊಂಡು ಬೆಳಗಾವಿಗೆ ಹೋಗು. ಗ್ಯಾದರಿಂಗ್ ಇಲ್ಲೈತಿ.”

“ಹಳೇ ಹುಲಿ ಏನ್ ಛಲೋ ಇತ್ತು? ಎಮ್ಮಿ ಕಂಡಂಗ ಕಾಣ್ತಿತ್ತು. ಹತ್ತು ಸಲ ನಿಲ್ತಿತ್ತು.”

“ಅದು ಸಿಗಬೀಳ್ತಿರಲಿಲ್ಲ,” ಎಂದಳು ಮಾಯವ್ವ. “ನಾನಽ ಹಿಡೀತಿದ್ದೆ.”

ಗುರುಸಿದ್ದ ಅವಳ ಮುಖ ನೋಡಿದ. “ಯಾಕ?”

“ಎಲ್ಲಾರೂ ನಗಾಕತ್ತಿರ್ತಿದ್ರು. ಮಾತಾಡಾಕತ್ತಿರ್ತಿದ್ರು. ಅದು ಮುಗೀಲಾರದ ಹೆಂಗ ಮುಂದಕ್ಕ ಒಯ್ಯೂದು?”

“ಮತ್ತ ನನಗ ಯಾಕ ಹೇಳಲಿಲ್ಲ?”

“ನೀ ಎಲ್ಲಿ ಕೇಳಿದಿ? ನೀ ನಿನ್ನ ಚಿತ್ರಾನಽ ನೋಡ್ಕೋತ ನಿಂತಿರ್ತಿದ್ದಿ.” ಅವಳು ಲಂಗದ ಮಣ್ಣು ಝಾಡಿಸಿಕೊಂಡು ಹೋಗಿಬಿಟ್ಟಳು.

ಸುಳ್ಳು ಹೇಳುತ್ತಾಳೆ, ಹೊಟ್ಟೆಕಿಚ್ಚು ಅವಳಿಗೆ ಎಂದುಕೊಂಡ ಗುರುಸಿದ್ದ. ಮರುದಿನ ಶಾಲೆಯವರೆಗೂ ಹಾಗೆಯೇ ಅಂದುಕೊಂಡು ನಡೆದ. ಶಾಲೆಯ ಬಯಲಿನಲ್ಲಿ ಎರಡನೇ ಇಯತ್ತೆಯ ಚಿಳ್ಳೆಪಿಳ್ಳೆಗಳು ಹುಲಿಯಾಟ ಆಡುತ್ತಿದ್ದವು. ಉಕ್ಕಿನ ಹಲ್ಲಿನ ಹುಲಿ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರೂ ತುಟಿ ಒಳಗೆ ಮಡಚಿಕೊಂಡು, ಜೊಲ್ಲು ಸುರಿಸುತ್ತ, ಒಬ್ಬರಿಗೊಬ್ಬರು ಚಾ ಕೇಳುತ್ತಿದ್ದರು.

“ತಯಾರಿ ಆತೇನೋ?” ಎಂದು ಸಂಗವ್ವ ಅಕ್ಕೋರು ಕೇಳಿದರು.

“ಆಗೇತ್ರಿ,” ಎಂದ. ಅಕ್ಕೋರು ಇನ್ನೇನಾದರೂ ಕೇಳುವ ಮೊದಲೇ ಒಳಗೆ ಓಡಿದ.

ಸಂಜೆ ಮನೆಗೆ ಬಂದು ಬಾಗಿಲು ಹಾಕಿಕೊಂಡು, ಡಬ್ಬಿಯ ಮುಂದೆ ಮಂದಿ ಕೂರುವ ಜಾಗದಲ್ಲಿ ತಾನೇ ಕೂತ. ಕೈ ಚಾಚಿ ಹ್ಯಾಂಡಲ್ ತಿರುಗಿಸಿದ. ಚಿತ್ರಗಳು ಸರಸರನೆ ಬಂದವು. ಹುಲಿ ಒಬ್ಬನನ್ನು ಕೊಂದಿತು. ಇನ್ನೊಬ್ಬನನ್ನು ಕೊಂದಿತು. ಮತ್ತೊಬ್ಬನನ್ನು ಕೊಲ್ಲುವಾಗ ಗುರುಸಿದ್ದ ಆಕಳಿಸಿದ.

ತನ್ನ ಸಿನಿಮಾಕ್ಕೆ ತಾನೇ ಆಕಳಿಸಿದ್ದು ಅವನಿಗೆ ಬಹಳ ಕೆಟ್ಟೆನಿಸಿತು. ಸಿಟ್ಟಿಗೆ ಹುಲಿಯ ಮುಖದ ಮೇಲೆ ಕರಿ ಗೆರೆ ಎಳೆದ. ಎಳೆದ ಮೇಲೆ ಅಳು ಬಂತು. ಅತ್ತ.

ಅತ್ತಾದ ಮೇಲೆ ಕಾಗದವನ್ನು ಪೂರಾ ಬಿಚ್ಚಿ ಬೋರಲು ಹಾಕಿದ. ಹಿಂಬದಿ ಖಾಲಿ ಇತ್ತು. ಇದ್ದಿಲು ತಂದ. ಉಕ್ಕಿನ ಹಲ್ಲು ಬಂದಾಗಿದೆ, ಸರಿ. ಅದನ್ನು ಹಾಕಿಕೊಂಡು ಹುಲಿ ಸಂತೆಗೆ ಬಂದರೆ ಏನಾಗುತ್ತದೆ? ಏನಾಗುತ್ತದೆ ಎಂದರೆ, ಎಲ್ಲರೂ ಓಡುತ್ತಾರೆ. ಬದನೆಕಾಯಿಯವಳು ಬುಟ್ಟಿ ಬಿಟ್ಟು ಓಡುತ್ತಾಳೆ. ಕುಂಬಾರ ಗಡಿಗೆ ಬಿಟ್ಟು ಓಡುತ್ತಾನೆ. ಚಾ ಅಂಗಡಿಯವನು ಕುದಿಯುವ ಚಾ ಬಿಟ್ಟು ಓಡುತ್ತಾನೆ. ಗುರುಸಿದ್ದ ಅವರನ್ನೆಲ್ಲ ಓಡಿಸಿ ಓಡಿಸಿ ಬರೆದ. ಕೊನೆಗೆ ಖಾಲಿ ಸಂತೆಯ ನಡುವೆ ಹುಲಿಯನ್ನು ನಿಲ್ಲಿಸಿದ, ಬಾಯಿ ತುಂಬ ಹಲ್ಲು, ಮಾತಾಡಲು ಒಬ್ಬರೂ ಇಲ್ಲ.

ಅಲ್ಲಿ ಹುಲಿ ಏನನ್ನುತ್ತದೆ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಹ್ಯಾಂಡಲ್ ಕಿತ್ತಿಟ್ಟು ಮಾಯವ್ವನ ಮನೆಗೆ ಹೋದ. ಅವಳು ಹಿತ್ತಲಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು.

“ಗ್ಯಾದರಿಂಗಿಗೆ ತಿರಗಸಾಕ ಬರ್ತೀಯೇನು?”

“ನಿನಗ ಹ್ಯಾಂಡಲ್ ಐತೆಲ್ಲ.”

“ತಗದೇನಿ.”

ಮಾಯವ್ವ ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. ಕಾಯಲಿ ಇವನು ಎಂದು ಇನ್ನೊಂದು ಹಿಡಿ ಹಾಕಿದಳು.

“ಆ ಎಲೈ ಗಿಲೈ ಇರ್ತೈತೇನು?”

“ಇಲ್ಲ.”

“ಮತ್ತ ಹುಲಿ ಏನಂತೈತಿ?”

“ನನಗ ಗೊತ್ತಿಲ್ಲ.”

“ಹಂಗಾರ ಬರ್ತೀನಿ,” ಎಂದಳು.

ಗ್ಯಾದರಿಂಗಿನ ದಿನ ಮೈಕಿನಲ್ಲಿ ಗುರುಸಿದ್ದನ ಹೆಸರು ಕರೆದರು. ಹೆಸರಿನ ಜೊತೆಗೆ ಮೈಕು ಕುಂಯ್ ಎಂದಿತು. ಮುಂದಿನ ಸಾಲಿನಲ್ಲಿ ಅವ್ವ, ಅಜ್ಜಿ, ಅವರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬೆಳಗಾವಿಯಿಂದ ಬಂದ ಬಾಳಾಸಾಹೇಬ ಕೂತಿದ್ದರು. ಚಿತ್ರ ಕಾಣಲೆಂದು ಹಿಂದಿನವರು ಬೆಂಚಿನ ಮೇಲೆ ಹತ್ತಿದರು.

ಮಾಯವ್ವ ಕೋಲು ತಿರುಗಿಸಿದಳು. ಹುಲಿ ಬಂತು. “ಮತ್ತ ಎಮ್ಮಿ ಬಂತು,” ಎಂದ ಒಬ್ಬ. ಸಂತೆ ಬಂತು. ಬದನೆಕಾಯಿಯವಳು ಓಡುವುದನ್ನು ನೋಡಿ ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಆಮೇಲೆ ಖಾಲಿ ಸಂತೆ ಬಂತು. ಕಾಗದ ನಿಂತಿತು.

ಯಾರೂ ಮಾತಾಡಲಿಲ್ಲ.

ಬಾಳಾಸಾಹೇಬ ಮುಂದೆ ಬಾಗಿ, “ಡೈಲಾಗ್, ಡೈಲಾಗ್,” ಎಂದು ಪಿಸುಗುಟ್ಟಿದ. ಎಲೈ ಎನ್ನುವುದು ಗುರುಸಿದ್ದನ ನಾಲಿಗೆಯ ತುದಿಗೇ ಬಂತು. ಅವನು ಮಾಯವ್ವನ ಕಡೆ ನೋಡಿದ. ಅವಳ ಕೈ ಕೋಲಿನ ಮೇಲಿತ್ತು, ಕಣ್ಣು ಚಿತ್ರದ ಮೇಲಿರಲಿಲ್ಲ. ಅವಳು ಮಂದಿಯನ್ನು ನೋಡುತ್ತಿದ್ದಳು.

ಅವನೂ ನೋಡಿದ. ಇಷ್ಟು ಆಟ ತೋರಿಸಿದ್ದ, ನೋಡುವವರ ಮುಖವನ್ನು ಅವನು ನೋಡಿದ್ದು ಇದೇ ಮೊದಲು. ಒಂದು ಸಣ್ಣ ಹುಡುಗಿ ತನ್ನ ಅವ್ವನ ತೊಡೆಯ ಮೇಲೆ ಬಾಯಿ ತೆರೆದು ಕೂತಿದ್ದಳು. ಇಬ್ಬರು ಹುಡುಗರು, ನೀ ಹೇಳು, ನೀ ಹೇಳು ಎಂದು ಮೊಣಕೈಯಿಂದ ತಿವಿದುಕೊಳ್ಳುತ್ತಿದ್ದರು. ಅಜ್ಜಿಯ ತುಟಿ ಅಲುಗುತ್ತಿತ್ತು.

“ಅರೇ ವಾಘೋಬಾ, ತೋಂಡ ಬಂದ ಕರ,” ಎಂದು ಹಿಂದಿನ ಬೆಂಚಿನಿಂದ ಒಂದು ಮರಾಠಿ ದನಿ ಬಂತು.

“ಹೌದ್ರಿ ಹುಲಿಯಪ್ಪ,” ಎಂದು ಅಜ್ಜಿ ಕೂತಲ್ಲಿಂದಲೇ ಕನ್ನಡದಲ್ಲಿ ಮುಂದುವರಿಸಿದಳು. “ಬಾಯಿ ಮುಚಗೊಂಡು ಬಾಜೂಕ ನಿಂದರ್ರಿ. ಬದನಿಕಾಯಾಕಿ ತಾನಽ ಬರ್ತಾಳ.”

“ಹಲ್ಲು ತಗದು ಬುಟ್ಟ್ಯಾಗ ಇಡು ಮದ್ಲ,” ಎಂದ ಮತ್ತೊಬ್ಬ. “ಚಾ ಆರಾಕತ್ತೈತಿ,” ಎಂದಳು ಮಗದೊಬ್ಬಳು. ಬಯಲು ತುಂಬ ನಗು ಎದ್ದಿತು. ಸಂಗವ್ವ ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಾಳಾಸಾಹೇಬ ಅವರಿವರ ಮುಖ ನೋಡಿ, ಸ್ವಲ್ಪ ತಡವಾಗಿ ತಾನೂ ನಕ್ಕ.

ಹುಲಿ ಏನನ್ನಬೇಕು ಎಂದು ಗುರುಸಿದ್ದನಿಗೆ ಆಗ ಥಟ್ಟನೆ ಹೊಳೆಯಿತು. ಒಳ್ಳೆಯ ಮಾತು. ಹೇಳಿದರೆ ಇನ್ನೂ ನಗುವಂಥದ್ದು. ಅವನು ಮೈಕಿಗೆ ಬಾಯಿ ಹಚ್ಚಿದ.

ಹಿಂದಿನ ಬೆಂಚಿನವರು ಇನ್ನೂ ನಗುತ್ತಿದ್ದರು. ಯಾರೋ ಇನ್ನೂ ಏನೋ ಹೇಳಲು ಎದ್ದು ನಿಲ್ಲುತ್ತಿದ್ದರು. ಗುರುಸಿದ್ದ ಮೈಕಿನಿಂದ ಮುಖ ಸರಿಸಿ ನಿಂತುಕೊಂಡ.