ಸೋದರಮಾವನಿಗೆ ಕೊಟ್ಟ ಎಲೆಅಡಿಕೆ

ಉಪ್ಪಿಟ್ಟಿನ ತಟ್ಟೆ ತ್ರಿವೇಣಿಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಹೆಣ್ಣು ನೋಡಲು ಮಾಸ್ತಿಯಿಂದ ಬಂದಿದ್ದ ಉಮಾಶಂಕರ್ ಮಾತ್ರ ಅವಳ ಕಡೆ ನೋಡಿದ. ಉಳಿದವರ ಕಣ್ಣೆಲ್ಲ ಟಿವಿಯ ಮೇಲಿತ್ತು. ದೇವರಾಯಸಮುದ್ರದ ಆ ಮನೆಯಲ್ಲಿ ಯಾರು ಬಂದರೂ ಏಳೂವರೆ ಸೀರಿಯಲ್ ನಿಲ್ಲುವುದಿಲ್ಲ. ಸ್ವಂತ ಚಿಕ್ಕಪ್ಪನೇ ಮೈಮೇಲೆ ಕೈ ಹಾಕಿದ್ದನ್ನು ಯಾರಿಗೂ ಹೇಳಲಾಗದೆ ಒದ್ದಾಡುವ ಪುಟ್ಟ ಹುಡುಗಿಯ ಕಥೆ ಅದು.

ತ್ರಿವೇಣಿಯ ಅಮ್ಮ ಅನಸೂಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ತೀರಿಕೊಂಡ ಅಪ್ಪನ ತಾಯಿ, ಅಜ್ಜಿ ಕದಿರಮ್ಮ, ಆ ಚಿಕ್ಕಪ್ಪನಿಗೆ ಬಾಯಿಗೆ ಬಂದಂತೆ ಶಾಪ ಹಾಕುತ್ತಿದ್ದರು. ಅಮ್ಮನ ತಮ್ಮ ಮುರಳಿಮೋಹನ್ ಸೋಫಾದಲ್ಲಿ ಕಾಲು ಚಾಚಿ ಕೂತು, "ಪಾಪ, ಮಗು" ಅಂದಿದ್ದ.

ಆ ಮಾತಿಗೇ ತಟ್ಟೆ ಜಾರಿದ್ದು.

ಉಮಾಶಂಕರ್ ಬಗ್ಗಿ ಉಪ್ಪಿಟ್ಟು ಬಳಿಯಲು ಕೈ ಹಾಕಿದ. ಆಮೇಲೆ ಹಿತ್ತಲಿನಲ್ಲಿ ಇಬ್ಬರನ್ನೇ ಮಾತಿಗೆ ಬಿಟ್ಟಾಗ ತನ್ನ ಪಶು ಆಸ್ಪತ್ರೆಯ ಕೆಲಸದ ಬಗ್ಗೆ ಹೇಳಿದ. ಪೆಟ್ಟು ತಿಂದ ಹಸುವನ್ನು ಮೊದಲು ಮಾತಾಡಿಸದೆ ಮುಟ್ಟಬಾರದಂತೆ.

"ಹಸುಗೂ ಕೇಳಿ ಮುಟ್ತೀರಾ?" ಅಂತ ಅವಳು ಕಾಲೆಳೆದಳು.

"ಕೇಳ್ದಿದ್ರೆ ಒದೆಯುತ್ತೆ."

ತ್ರಿವೇಣಿ ನಕ್ಕಳು. ಇವನನ್ನು ಮದುವೆಯಾಗಬಹುದು ಅಂತ ಅವಳಿಗೆ ಅನ್ನಿಸಿದ್ದು ಆಗಲೇ.

ನಿಶ್ಚಿತಾರ್ಥವಾಯಿತು. ದಿನಾ ಫೋನಿನ ಮಾತು, ಮುನಿಸು, ಮತ್ತೆ ಮಾತು. ಎಲ್ಲವೂ ಚೆನ್ನಾಗಿತ್ತು... ಒಂದನ್ನು ಬಿಟ್ಟು.

ಅವರ ಕಡೆ ಮದುಮಗಳ ಕೈ ಹಿಡಿದು ಹಸೆಗೆ ಕರೆತರುವವನು ಸೋದರಮಾವ. ಆ ಕೈಯನ್ನು ಇನ್ನೊಮ್ಮೆ ಹಿಡಿಯುವುದೇ? ನೆನೆದರೆ ತ್ರಿವೇಣಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಉಮಾಶಂಕರ್‌ಗೆ, ಮಾವ ಬರುವುದು ಬೇಡ ಅಂದಳು. ಯಾಕೆ ಅಂತ ಅವನು ಕೇಳಿದಾಗ ನಾಲಿಗೆ ಏಳಲಿಲ್ಲ.

ಆ ಮಹಾನುಭಾವ ಮಾಡಿದ್ದೇನು ಗೊತ್ತೇ? ಮರ್ಯಾದೆಯಲ್ಲಿ ಏನೋ ಕೊರತೆಯಾಗಿ ಮಾವ ಮುನಿಸಿಕೊಂಡಿರಬೇಕು, ಪಾಪ ಹುಡುಗಿ ಹೇಳಲಾರದೆ ಒದ್ದಾಡುತ್ತಿದ್ದಾಳೆ ಅಂದುಕೊಂಡ. ನಂಗಲಿಯಲ್ಲಿದ್ದ ಮುರಳಿಮೋಹನನ ಟೈರ್ ಅಂಗಡಿಗೇ ಹೋಗಿ, ಪಂಚೆ, ಶಲ್ಯ, ಎಲೆಅಡಿಕೆ ತಟ್ಟೆಯಲ್ಲಿಟ್ಟು ಕೊಟ್ಟು, "ನೀವೇ ಕರ್ಕೊಂಡು ಬಂದು ನನ್ನ ಪಕ್ಕ ಕೂರಿಸ್ಬೇಕು" ಅಂತ ಕೈಮುಗಿದು ಬಂದ. ಕೊಡುವಾಗ ತೆಗೆಸಿದ ಫೋಟೋವನ್ನು ಅವಳಿಗೂ ಕಳಿಸಿದ.

ತ್ರಿವೇಣಿ ಫೋಟೋ ನೋಡಿದಳು. ಇವನೂ ಅವರ ಕಡೆಯವನೇ! ಅವತ್ತೇ ನಿಶ್ಚಿತಾರ್ಥದ ಸೀರೆ ಮಡಚಿ ವಾಪಸ್ ಕಳಿಸಿಬಿಟ್ಟಳು.

ಸಂಜೆ ಟಿವಿ ಮುಂದೆ ಕೂತಿದ್ದ ಅಮ್ಮನಿಗೆ ಎಲ್ಲ ಹೇಳಿದಳು. ತಾನು ಮೂರನೇ ಕ್ಲಾಸಿನಲ್ಲಿದ್ದಾಗಿನಿಂದ ಶುರುವಾದದ್ದು, ಬೇಸಿಗೆ ರಜೆ ಅಂದರೆ ನಡುಗುತ್ತಿದ್ದದ್ದು... ಅನಸೂಯಮ್ಮ ಟಿವಿಯಿಂದ ಮುಖ ತಿರುಗಿಸಲಿಲ್ಲ. ಅವರ ಕೆನ್ನೆ ಒದ್ದೆಯಾಗಿತ್ತು, ಸೀರಿಯಲ್ ಹುಡುಗಿಗಾಗಿ.

"ಮರ್ತೋಗಿರ್ತೀಯ ಅಂದ್ಕೊಂಡಿದ್ದೆ ಕಣೇ," ಅಂದರು.

"ಅಂದ್ರೆ... ನಿಂಗೆ ಗೊತ್ತಿತ್ತಾ?"

"ಒಬ್ಬನೇ ತಮ್ಮ. ಏನ್ ಮಾಡ್ಲಿ?"

"ಆ ಹುಡುಗಿಗೆ ಅಳ್ತೀಯಲ್ಲಮ್ಮ."

"ಅದು ಸೀರಿಯಲ್ಲು. ಇದು ನಮ್ಮನೆ."

ಇಪ್ಪತ್ತಾರು ವರ್ಷ ಅಮ್ಮ ಅಂತ ಕರೆದವಳನ್ನು ತ್ರಿವೇಣಿ ಅವತ್ತು ಮೊದಲ ಸಲ ಸರಿಯಾಗಿ ನೋಡಿದಳು.

ಮರುದಿನ ಉಮಾಶಂಕರ್ ಮುಳಬಾಗಿಲಿಗೆ, ಅವಳು ಕೆಲಸ ಮಾಡುವ ಲ್ಯಾಬಿಗೇ ಬಂದ. ಮುಖ ಕಪ್ಪಿಟ್ಟಿತ್ತು. ಬೇರೆ ಯಾರಾದರೂ ಇದ್ದರೆ ಮೊದಲೇ ಹೇಳಬಹುದಿತ್ತಲ್ಲ ಅಂತ ಒರಟಾಗಿಯೇ ಕೇಳಿದ.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದಳು.

ಉಮಾಶಂಕರ್ ಅವಳ ಕಡೆ ನೋಡದೆ ಮುಖ ತಿರುಗಿಸಿ ನಿಂತ. ನಂಬಲಿಲ್ಲ... ಇವನು ನಂಬಲಿಲ್ಲ, ಅಂದುಕೊಂಡಳು.

"ನಾನೇ ಹೋಗಿ ಎಲೆಅಡಿಕೆ ಕೊಟ್ಟು ಕೈ ಮುಗಿದ್ನಲ್ಲ, ತ್ರಿವೇಣಿ," ಅಂದ. "ಈಗಲೇ ಹೋಗಿ ಕಿತ್ಕೊಂಡು ಬರ್ತೀನಿ."

"ಬೇಡ. ಕೇಳೋದು ನಾನು. ನೀವು ಜೊತೆಗೆ ಬನ್ನಿ, ಸಾಕು."

ನಂಗಲಿಯ ಅಂಗಡಿ ಮುಂದೆ ನಾಲ್ಕಾರು ಲಾರಿ ಡ್ರೈವರ್‌ಗಳಿದ್ದರು. ತ್ರಿವೇಣಿ ಎಲ್ಲರೆದುರು ಎಲೆಅಡಿಕೆ ತಟ್ಟೆ ವಾಪಸ್ ಕೇಳಿದಳು. ಒಮ್ಮೆ ಕೊಟ್ಟ ಎಲೆಅಡಿಕೆ ವಾಪಸ್ ಕೇಳುವುದೆಂದರೆ ಮುಖಕ್ಕೆ ಉಗಿದಂತೆ.

ಮುರಳಿಮೋಹನ್ ನಗಲು ನೋಡಿದ. "ಏನಾಯ್ತು ಪುಟ್ಟಿ?"

"ಏನಾಯ್ತು ಅಂತ ನೀವೇ ಹೇಳಿ ಮಾವ. ಇವರೂ ಕೇಳಿಸ್ಕೊಳ್ಳಿ. ನಾನು ಕಾಯ್ತೀನಿ."

ಡ್ರೈವರ್‌ಗಳು ಟೀ ಲೋಟ ಕೆಳಗಿಟ್ಟು ಮುರಳಿಮೋಹನನ ಮುಖ ನೋಡಿದರು. ಅವನು ತಲೆ ತಗ್ಗಿಸಿ ಒಳಗೆ ಹೋದ. ಪಂಚೆ, ಶಲ್ಯ, ಒಣಗಿದ ಎಲೆ ಇದ್ದ ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟ. ಅವಳ ಕೈಗೆ ಕೊಡುವ ಧೈರ್ಯವಾಗಲಿಲ್ಲ.

ಸಂಜೆಯೊಳಗೆ ಅವನು ಅಕ್ಕನಿಗೆ ಫೋನ್ ಮಾಡಿ, ತಮ್ಮ ಬೇಕೋ ಮಗಳು ಬೇಕೋ ಅಂತ ಕೇಳಿದ. ಅನಸೂಯಮ್ಮ ಆರಿಸಿಕೊಂಡರು. ಯಾರನ್ನು ಅಂತ ಬೇರೆ ಹೇಳಬೇಕೇ?

ಮದುವೆ ಮಾಸ್ತಿಯಲ್ಲಿ, ಗಂಡಿನ ಮನೆಯ ಅಂಗಳದಲ್ಲೇ ನಡೆಯಿತು. ತವರಿನಿಂದ ಅಜ್ಜಿ ಕದಿರಮ್ಮ ಒಬ್ಬರೇ ಬಂದರು, ಎರಡು ಬಸ್ ಬದಲಾಯಿಸಿಕೊಂಡು.

"ಅಮ್ಮ?" ತ್ರಿವೇಣಿ ಕೇಳಿಯೇಬಿಟ್ಟಳು. ಆಸೆ ಅನ್ನುವುದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ.

ಅಜ್ಜಿ ಅವಳ ಮುಡಿಯ ಹೂ ಸರಿಮಾಡಿದರು. "ನಿನ್ನೆ ಸೀರಿಯಲ್‌ನಾಗೆ ಆ ಹುಡುಗಿ ಎಲ್ರ ಮುಂದೆ ಹೇಳಿಬಿಟ್ಳು ಕಣಮ್ಮಿ. ನಿಮ್ಮಮ್ಮ ರಾತ್ರಿ ಊಟಾನೇ ಮಾಡ್ಲಿಲ್ಲ, ಅಷ್ಟು ಅತ್ಳು."

ತ್ರಿವೇಣಿ ಬಾಗಿಲ ಕಡೆ ನೋಡುವುದನ್ನು ಬಿಟ್ಟಳು.

ಹಸೆಗೆ ಕರೆದಾಗ ಗಂಡಿನ ಕಡೆಯ ಹಿರಿಯ ದೊಡ್ಡಮುನಿಯಪ್ಪ, ಸೋದರಮಾವ ಎಲ್ಲಿ ಅಂತ ಹುಡುಕಿದರು. ಜನ ಗುಸುಗುಸು ಅಂದರು.

"ನಂಗೆ ಸೋದರಮಾವ ಇಲ್ಲ ತಾತ. ನಾನೇ ಬರ್ತೀನಿ," ಅಂದಳು ತ್ರಿವೇಣಿ.

ಬಾಗಿಲಿಂದ ಹಸೆಗೆ ಹನ್ನೊಂದು ಹೆಜ್ಜೆ. ಒಬ್ಬಳೇ ನಡೆದಳು. ನಾಲ್ಕನೆಯದಕ್ಕೆ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿತು. ಉಮಾಶಂಕರ್ ಎದ್ದು ಬರಲು ಹೋಗಿ, ಅವಳ ಕಣ್ಣು ನೋಡಿ ಕೂತ. ಅವಳು ಬಂದು ಅವನ ಪಕ್ಕ ಕೂತಳು.

"ಕೈ ಹಿಡೀಲಾ?" ಅಂತ ಅವನು ಮೆಲ್ಲಗೆ ಕೇಳಿದ.

"ಧಾರೆ ಎರೆಯೋಕೆ ಹೇಗೂ ಹಿಡೀಲೇಬೇಕಲ್ಲ. ಕೇಳೋದ್ಯಾಕೆ?"

"ಕೇಳ್ದೆ ಹಿಡಿಯಲ್ಲ. ಇವತ್ತಲ್ಲ, ಯಾವತ್ತೂ."

ಇಷ್ಟು ದಿನ ಬಾರದ ಅಳು ಆಗ ಬಂತು. ಒರೆಸಿಕೊಳ್ಳದೆ ತ್ರಿವೇಣಿ ಅವನ ಮುಂದೆ ಕೈ ಚಾಚಿದಳು.

"ಹಿಡ್ಕೊಳ್ಳಿ," ಅಂದಳು.