ಎಡಗಡೆಯ ಚಕ್ರ

ಬಿಚ್ಚಿದ್ದಾನೆ… ನಾನು ಕೂರಿಸಿದ ಚಕ್ರವನ್ನು ಮತ್ತೆ ಬಿಚ್ಚಿದ್ದಾನೆ. ಅಂದರೆ ನನ್ನ ಕೈಯ ಮೇಲೆ ಮೇಸ್ತ್ರಿಗೆ ಇಷ್ಟೂ ನಂಬಿಕೆ ಇಲ್ಲವೇ?

ಬೆಳಗಿನ ಎಂಟು ಗಂಟೆಗೆ ಅವಳು ಹಳೆಯ ಕಾರಿನ ಮುಂದಿನ ಎಡ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಹಿಂದಿನ ದಿನ ಚಕ್ರವನ್ನು ಹಿಡಿದಿಡುವ, ಸವೆದ ಐದು ಸ್ಟಡ್‌ಗಳನ್ನು ಹೊಡೆದು ತೆಗೆದು ಹೊಸವನ್ನು ಕೂರಿಸಿದ್ದಳು. ಬ್ರೇಕಿನ ಡ್ರಮ್ಮಿನೊಳಗೆ ಅದನ್ನು ಒತ್ತಿ ಹಿಡಿಯುವ ಹೊಸ ಬ್ರೇಕ್ ಶೂ, ಚಿಕ್ಕದೊಂದು ದೊಡ್ಡದೊಂದು, ಸ್ಪ್ರಿಂಗು ಎಲ್ಲ ಹಾಕಿ, ನಟ್ಟು ಬಿಗಿದು, ಪ್ರತಿ ನಟ್ಟಿನಿಂದ ಸ್ಟಡ್‌ನ ತುದಿಗೆ ಹಳದಿ ಬಣ್ಣದ ಗೆರೆ ಎಳೆದಿದ್ದಳು. ನಟ್ಟು ಅಲುಗಿದರೆ ಗೆರೆ ಮುರಿಯುತ್ತದೆ.

ಐದೂ ಗೆರೆಗಳು ಮುರಿದಿದ್ದವು.

ಈ ಕಾರು ರಿಪೇರಿ ಶೆಡ್ಡಿಗೆ ಅವಳು ಬಂದು ಎಂಟು ತಿಂಗಳು. ಓದಿ ಬಂದವಳೆಂದು ಎಲ್ಲರೂ ಅವಳನ್ನು ಡಿಪ್ಲೊಮಾ ಎಂದೇ ಕರೆಯುತ್ತಿದ್ದರು. ಮೇಸ್ತ್ರಿ ಮಾತ್ರ ಏನೂ ಕರೆಯುತ್ತಿರಲಿಲ್ಲ. ಮಾತಿಗೊಂದು ಲೀಟರ್ ಪೆಟ್ರೋಲ್ ಖರ್ಚಾಗುತ್ತದೆ ಎಂಬಂತಿದ್ದ ಅವನು. ಆದರೂ ಅವಳು ಕೇಳುವ ಮೊದಲೇ ಬೇಕಾದ ಅಳತೆಯ ಸ್ಪ್ಯಾನರನ್ನು ಚಾಚುತ್ತಿದ್ದ. ಅದರಲ್ಲಿ ಅವಳು ಏನೇನೋ ಓದಿಕೊಂಡಿದ್ದಳು. ಆ ಓದೇ ತಪ್ಪಾಗಿತ್ತೇನೋ.

ದೂರದ ಊರಿನ ವರ್ಕ್‌ಶಾಪೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಇವತ್ತು ಹತ್ತು ಗಂಟೆಯೊಳಗೆ ಉತ್ತರ ಹೇಳಬೇಕಿತ್ತು.

"ಮೇಸ್ತ್ರಿ, ನನ್ನ ಚಕ್ರ ಬಿಚ್ಚಿದ್ರಾ?"

"ಹೂಂ."

"ಯಾಕೆ?"

"ನೋಡಬೇಕಿತ್ತು."

ಅಷ್ಟು ಹೇಳಿ ಅವನು ಕೈ ಒರೆಸುವ ಬಟ್ಟೆ ಹುಡುಕತೊಡಗಿದ. ಅವಳು ಆಗಲೇ ಮನಸ್ಸಿನಲ್ಲಿ ಗಂಟುಮೂಟೆ ಕಟ್ಟಿದಳು.

ಅಷ್ಟರಲ್ಲಿ ಅಕ್ಕ ಕೀಲಿ ಹಿಡಿದು ಬಂದರು. ಶೆಡ್ಡಿನ ಒಡತಿ, ಮೇಸ್ತ್ರಿಯ ಸ್ವಂತ ಅಕ್ಕ. ಹನ್ನೊಂದು ವರ್ಷ ನಿಂತಲ್ಲೇ ನಿಂತಿದ್ದ ಗಾಡಿ, ಅದರ ಒಡೆಯರು ಬರುವ ಮೊದಲು ಇಬ್ಬರೂ ಒಂದು ಸುತ್ತು ಹೋಗಿಬನ್ನಿ ಎಂದರು.

"ನೀನೇ ಓಡಿಸು, ಡಿಪ್ಲೊಮಾ. ಹಾಗೇ ನನ್ನ ತಮ್ಮನ ಬಾಯಿಗೂ ಒಂಚೂರು ಗ್ರೀಸ್ ಹಾಕ್ಕೊಂಡು ಬಾ."

ಎಂಜಿನ್ ಕೆಮ್ಮಿತು, ಗೊಣಗಿತು, ಆಮೇಲೆ ಹಾಡತೊಡಗಿತು. ಸ್ಟೀರಿಂಗ್ ಹಿಡಿದ ಅವಳ ಅಂಗೈಯಲ್ಲಿ ಆ ನಡುಕ ಜುಮ್ಮೆಂದಿತು. ಬೀದಿಯವರೆಲ್ಲ ತಿರುಗಿ ನೋಡುತ್ತಿದ್ದರು. ಇಳಿಜಾರು ಬಂತು, ಗಾಡಿ ವೇಗ ಹಿಡಿಯಿತು. ಅವಳು ಬ್ರೇಕ್ ಒತ್ತಿದಳು…

ಅತ್ತ ಇತ್ತ ಕೂದಲೆಳೆಯಷ್ಟೂ ಎಳೆಯದೆ, ಗೆರೆ ಹೊಡೆದಂತೆ ನೇರವಾಗಿ ನಿಂತಿತು!

ಅವಳು ಕೋಪ ಮರೆತು ಜೋರಾಗಿ ನಕ್ಕಳು. ಪಕ್ಕಕ್ಕೆ ತಿರುಗಿದರೆ ಅವನೂ ನಗುತ್ತಿದ್ದ. ಆ ನಗು ಕಂಡದ್ದೇ ಮುರಿದ ಗೆರೆಗಳು ನೆನಪಾಗಿ ಅವಳು ಎಂಜಿನ್ ಆರಿಸಿದಳು.

"ಹತ್ತು ಗಂಟೆಗೆ ಆ ವರ್ಕ್‌ಶಾಪಿಗೆ ಬರ್ತೀನಿ ಅಂತ ಹೇಳಿಬಿಡ್ತೀನಿ, ಮೇಸ್ತ್ರಿ. ನಂಬಿಕೆ ಇಲ್ಲದ ಕಡೆ ಇರೋಕಾಗಲ್ಲ ನನಗೆ."

ಅವನ ನಗು ಆರಿತು. ಮುಂದಿನ ಗಾಜಿನ ಧೂಳನ್ನು ಬೆರಳಿನಿಂದ ಒರೆಸಿದ.

"ನಿನ್ನೆ ಸಂಜೆ ನೀವು ಹೋದ್ಮೇಲೆ ಅಂಗಳದಲ್ಲಿ ಓಡಿಸಿದೆ. ಬ್ರೇಕ್ ಹಾಕಿದ್ರೆ ಗಾಡಿ ಎಡಕ್ಕೆ ಎಳೀತು. ನಿಮ್ಮದೇ ತಪ್ಪು ಅಂದ್ಕೊಂಡೆ. ಬಿಚ್ಚಿ ನೋಡಿದ್ರೆ… ನಿಮ್ಮದು ಸರಿಯಿತ್ತು. ಬಲಗಡೆ ಕೂರಿಸಿದ್ದು ನಾನು. ಚಿಕ್ಕ ಶೂ ಮುಂದೆ ಬರಬೇಕು, ಹಿಂದೆ ಹಾಕಿದ್ದೆ, ಆ ಕಡೆ ಬ್ರೇಕ್ ಸರಿಯಾಗಿ ಹಿಡೀತಿರಲಿಲ್ಲ. ನಿಮ್ಮದನ್ನ ನೋಡ್ಕೊಂಡು ಸರಿ ಮಾಡಿದೆ."

ಹದಿನಾರು ವರ್ಷ ಪಳಗಿದ ಕೈ ನನ್ನ ಕೆಲಸ ನೋಡಿ ತಿದ್ದಿಕೊಂಡಿತೇ?

"ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು?"

"ನಾಚಿಕೆ." ಅವನು ಅವಳ ಕಡೆ ತಿರುಗಿದ. "ಹೋಗಬೇಡಿ."

"ಶೆಡ್ಡಿಗೋಸ್ಕರಾನಾ?"

"ಅಲ್ಲ."

"ಮತ್ತೆ?"

"ನನಗೋಸ್ಕರ."

ಕಣ್ಣು ಒರೆಸಿಕೊಂಡು ಅವಳು ಅಲ್ಲಿಂದಲೇ ಫೋನ್ ಮಾಡಿದಳು. ತಾನು ಬರುವುದಿಲ್ಲ ಎಂದಳು. ಆಮೇಲೆ ಮಸಿ ಹತ್ತಿದ ಅವನ ಕೈಯನ್ನು ಹಿಡಿದುಕೊಂಡಳು.

"ಎಂಟು ತಿಂಗಳು ಕಾಯಿಸಿದ್ರಿ."

"ಹೂಂ," ಎಂದ ಅವನು, ಕೈ ಬಿಡದೆ.

ಪ್ರೀತಿಸುತ್ತೇನೆ ಎಂದು ಅವನು ಅವತ್ತು ಹೇಳಲಿಲ್ಲ. ಮದುವೆಯ ದಿನವೂ ಹೇಳಲಿಲ್ಲ. ಮುಂದೆಯೂ ಎಂದೂ ಹೇಳಲಿಲ್ಲ.